ಹೊಲಿಗೆ ಹಿಡಿಯುವ ಮೈ

ಹೌ ನದಿಯ ದಂಡೆಯ ಪಟ್ಟಣದಲ್ಲಿ ದೊಡ್ಡಾಸ್ಪತ್ರೆಯ ಹಿಂಬಾಗಿಲಿಗೆ ಅಂಟಿಕೊಂಡಂತೆ ಒಂದು ತಗಡಿನ ಚಪ್ಪರವಿದೆ. ಅದರಡಿ ಭತ್ತದ ಹೊಟ್ಟು ಉರಿಸುವ ಮೂರು ಒಲೆಗಳು, ಒಲೆಗಳ ಮೇಲೆ ಆಳೊಬ್ಬ ಇಳಿದು ಕೂತರೂ ಕಾಣದಷ್ಟು ಆಳದ ಹಂಡೆಗಳು. ದಿನಾ ಬೆಳಗ್ಗೆ ಆರಕ್ಕೆ ಅಲ್ಲಿ ರೋಗಿಗಳಿಗೂ ಅವರ ಕಡೆಯವರಿಗೂ ಪುಕ್ಕಟೆ ಗಂಜಿ. ಅಕ್ಕಿ ಯಾರದೋ, ಕುಂಬಳಕಾಯಿ ಯಾರದೋ, ಮೀನು ಇನ್ಯಾರದೋ; ತಂದು ಇಳಿಸಿದವರು ಹೆಸರು ಹೇಳಿ ಹೋಗುವ ರೂಢಿ ಇಲ್ಲ. ಸೌಟು ಮಾತ್ರ ಹನ್ನೊಂದು ವರ್ಷದಿಂದ ಒಂದೇ ಕೈಯಲ್ಲಿತ್ತು. ಅದು ಥೋವಾಳ ಕೈ.

ಹೆಸರು ಹಿಡಿದು ಅವಳನ್ನು ಕರೆಯುವವರು ಕಡಿಮೆ. ಆ ನೀರುನಾಡಿನಲ್ಲಿ ಮಕ್ಕಳನ್ನು ಹುಟ್ಟಿದ ಸಾಲಿನ ಮೇಲೆ ಕರೆಯುವುದು. ಅದರಲ್ಲೂ ಮೊದಲನೆಯದನ್ನೇ ಎರಡು ಎಂದು ಎಣಿಸುವುದರಿಂದ, ಏಳನೆಯವಳಾಗಿ ಹುಟ್ಟಿದ ಥೋವಾ ಊರಿಗೆಲ್ಲ ಎಂಟಕ್ಕ. ಮೈ ದಪ್ಪ, ಬಾಯಿ ಹರಿತ, ಕೈ ಧಾರಾಳ. ಸಾಲಿನಲ್ಲಿ ನಿಂತವರು ಅವಳನ್ನು ಕೆಣಕದೆ ಬಟ್ಟಲು ಚಾಚುತ್ತಿರಲಿಲ್ಲ.

“ಎಂಟಕ್ಕ, ಗಂಜೀಲಿ ಮೀನು ಇದೆಯಾ, ಇಲ್ಲಾ ಬರೀ ಈಜಿಕೊಂಡು ಆಚೆ ಹೋಗಿದೆಯಾ?”

“ಇತ್ತಪ್ಪ. ನಿನ್ನ ಬಾಯಲ್ಲಿ ಹಲ್ಲಿಲ್ಲದ್ದು ನೋಡಿ, ಇಲ್ಲಿ ನನಗೇನು ಕೆಲಸ ಅಂತ ಹೋಯ್ತು.”

ಹೀಗೆ ನಗಿಸುತ್ತಲೇ ಅವಳ ಕಣ್ಣು ಬೇರೊಂದು ಕೆಲಸ ಮಾಡುತ್ತಿತ್ತು. ಬಟ್ಟಲು ಚಾಚಿದ ಕೈ, ಅಂಗಿಯ ಕಂಠದಿಂದ ಇಣುಕುವ ಕೊರಳಮೂಳೆ, ಹೆಬ್ಬೆರಳಿನ ಬುಡದ ಗುಳಿ, ಇವನ್ನೆಲ್ಲ ಅದು ನೋಡಿಕೊಳ್ಳುತ್ತಿತ್ತು. ಕತ್ತಿ ಹಾಕಿಸಿಕೊಳ್ಳಲು ಒಳಹೋದವರಲ್ಲಿ ಯಾರು ಮತ್ತೆ ಗಂಜಿಗೆ ಬರುತ್ತಾರೆ, ಯಾರ ಪರವಾಗಿ ಹೆಂಡತಿಯೊಬ್ಬಳೇ ಬಂದು ಅಳುತ್ತ ಖಾಲಿ ಬಟ್ಟಲು ಹಿಂದಿರುಗಿಸುತ್ತಾಳೆ ಎಂಬುದು ಅವಳಿಗೆ ಮೊದಲೇ ಹೊಳೆದುಬಿಡುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಕೂಡ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಮಳೆ ಬರುವುದು ಮಂಡಿನೋವಿಗೆ ಗೊತ್ತಾಗುತ್ತದಲ್ಲ, ಅಂಥದೊಂದು ತಿಳಿವಳಿಕೆ.

ಅವಳು ಆ ಚಪ್ಪರಕ್ಕೆ ಬಂದದ್ದೇ ದುಃಖದ ದಾರಿಯಲ್ಲಿ. ಬೆನ್ನಿಗೆ ಬಿದ್ದ ತಂಗಿ ಕರುಳಿನ ಹುಣ್ಣೆಂದು ಅದೇ ಆಸ್ಪತ್ರೆ ಸೇರಿದ್ದಳು. ಊಟ ಸೇರದೆ ಒಣಕಡ್ಡಿಯಂತಾಗಿದ್ದ ಅವಳಿಗೆ ಆಪರೇಷನ್ ಆಯಿತು. ಆಮೇಲೆ ಒಳಗಿನ ಹೊಲಿಗೆ ಬಿಟ್ಟುಕೊಂಡಿತು, ನಂಜೇರಿತು, ಹೋದಳು. ಅವಳ ಆರೈಕೆಗೆಂದು ಇದ್ದ ಇಪ್ಪತ್ತು ದಿನವೂ ಥೋವಾ ಉಂಡದ್ದು ಈ ಚಪ್ಪರದ ಗಂಜಿಯನ್ನು. ತಂಗಿಯ ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಸಿ ಬಂದವಳು ಪಾತ್ರೆ ತೊಳೆಯಲು ಕೂತಳು, ಮತ್ತೆ ಏಳಲಿಲ್ಲ. ಮನಸ್ಸಿನಲ್ಲಿ ಒಂದು ಮಾತು ಮಾತ್ರ ಮೊಳೆ ಹೊಡೆದಂತೆ ಉಳಿಯಿತು: ತಂಗಿಯನ್ನು ಕೊಂದದ್ದು ಕತ್ತಿ.

ಗಂಡ ವೆನ್ ದೋಣಿ ಕಟ್ಟುವ ಬಡಗಿ. ಮನೆಯ ಕೊನೆಯ ಮಗನಾದ್ದರಿಂದ ಊರಿಗೆ ಕಿರಿಯಣ್ಣ. ಆ ಕಡೆ ತಂದೆತಾಯಿಯ ಮನೆ, ಹಿರಿಯರ ಪೂಜೆಯ ಪೀಠ, ವರ್ಷದ ಎಡೆ ಎಲ್ಲ ಕೊನೆಯ ಮಗನ ಪಾಲಿಗೇ ಬರುವುದು. ಕಾಲುವೆಯ ಬದಿಯ ಮನೆಯ ಅಂಗಳದಲ್ಲಿ ಅವನು ಹಲಗೆ ಬಗ್ಗಿಸಿ, ಸಂದಿಗೆ ರಾಳ ತುಂಬಿ, ವರ್ಷಕ್ಕೆ ಹದಿನೈದು ದೋಣಿ ನೀರಿಗಿಳಿಸುತ್ತಿದ್ದ. ಮಾತು ಕಡಿಮೆ. ಮೂರೇ ಏಟಿಗೆ ಗೇಣುದ್ದದ ಮೊಳೆ ಇಳಿಸುತ್ತಾನೆಂದು ಹೆಸರು.

ಮಲದಲ್ಲಿ ರಕ್ತ ಕಾಣಿಸಿಕೊಂಡು ಆರು ತಿಂಗಳಾದರೂ ಮೂಲವ್ಯಾಧಿ ಎಂದುಕೊಂಡು ಅವನು ಸುಮ್ಮನಿದ್ದ. ಹೊಟ್ಟೆ ಹಿಡಿದು ಕೂತ ದಿನ ಥೋವಾ ಎಳೆದುಕೊಂಡು ಹೋದಳು. ದೊಡ್ಡ ಕರುಳಿನ ಎಡಮಗ್ಗುಲಲ್ಲಿ ಗಡ್ಡೆ. ಬೇರೆಲ್ಲೂ ಹಬ್ಬಿಲ್ಲ, ಬೇಗ ಕೊಯ್ದು ತೆಗೆಯೋಣ ಎಂದರು ಡಾಕ್ಟರು. ಥೋವಾಳಿಗೆ ತಂಗಿಯ ಮುಖ ಕಣ್ಣ ಮುಂದೆ ನಿಂತಿತು. “ಯೋಚನೆ ಮಾಡಿ ಬರ್ತೀವಿ” ಎಂದು ಗಂಡನ ಕೈ ಹಿಡಿದು ಎದ್ದಳು.

ಯೋಚನೆಗೆ ನೆರವಾಗಿ ಮೂರನೆಯ ದಿನವೇ ಬಂದವನು ವೆನ್‌ನ ದೊಡ್ಡಣ್ಣ ತ್ರುಕ್. ಹತ್ತು ವರ್ಷದಿಂದ ಮೀನು ಮಾಂಸ ಬಿಟ್ಟವನು, ಫೋನಿನಲ್ಲಿ ದಿನವಿಡೀ ಆರೋಗ್ಯದ ಭಾಷಣ ಕೇಳುವವನು, ಕೆಟ್ಟವನಲ್ಲ. ಹೆಗಲ ಮೇಲೆ ಹತ್ತು ಕಿಲೋ ಕೆಂಪಕ್ಕಿ, ಕೈಯಲ್ಲಿ ಹುರಿದು ಕುಟ್ಟಿದ ಎಳ್ಳು ಉಪ್ಪಿನ ಡಬ್ಬಿ.

“ನೋಡು ಎಂಟಮ್ಮ, ಗಡ್ಡೆ ಅನ್ನೋದು ಬಿಟ್ಟಿ ನೆಂಟ ಇದ್ದ ಹಾಗೆ. ನೀನು ಬಡಿಸ್ತಾ ಇರೋವರೆಗೂ ಏಳಲ್ಲ. ಬಡಿಸೋದು ನಿಲ್ಲಿಸು, ತಾನೇ ಗಂಟುಮೂಟೆ ಕಟ್ಟುತ್ತೆ. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲಿಲ್ಲ, ಸಿಹಿಯಿಲ್ಲ. ಕೆಂಪಕ್ಕಿ ಅನ್ನ, ಎಳ್ಳುಪ್ಪು, ತುತ್ತಿಗೆ ನೂರು ಸಲ ಅಗಿಯೋದು. ಮೂರು ತಿಂಗಳು, ಅಷ್ಟೇ.”

“ಕತ್ತಿ ಬೇಡವಾ ಭಾವ?” ಎಂದಳು ಥೋವಾ. ಅವಳಿಗೆ ಕೇಳಬೇಕಾಗಿದ್ದದ್ದು ಅದೊಂದೇ.

“ಗಡ್ಡೆಯೇ ಇಲ್ಲದ ಮೇಲೆ ಕತ್ತಿ ಯಾಕೆ?”

ವೆನ್ ಒಪ್ಪಲು ಮೊದಲು ಹಿಂಜರಿದ. ಒಪ್ಪಿಸಿದವಳು ಥೋವಾ. ಅವಳೇ ಅಡುಗೆಮನೆಯಿಂದ ಮೀನಿನ ಸಾರಿನ ಮಡಕೆ ತೆಗೆದು ನೆರೆಮನೆಗೆ ಕೊಟ್ಟಳು. ಅವಳೇ ಪಕ್ಕದಲ್ಲಿ ಕೂತು ತುತ್ತಿನ ಅಗಿತ ಎಣಿಸಿದಳು. ಬೆಳಗ್ಗೆ ಐನೂರು ಜನಕ್ಕೆ ಮೀನಿನ ಗಂಜಿ ಬಡಿಸಿ, ಮಧ್ಯಾಹ್ನ ಮನೆಗೆ ಬಂದು ಕಟ್ಟಿಕೊಂಡವನ ಬಟ್ಟಲಿಗೆ ಒಂದು ಹಿಡಿ ಕೆಂಪನ್ನ ಹಾಕುತ್ತಿದ್ದಳು. ದೀಪದ ಬುಡ ಕತ್ತಲು ಎನ್ನುವುದು ಇದಕ್ಕೇ. ಮೊದಲ ತಿಂಗಳು ವೆನ್‌ಗೆ ಮೈ ಹಗುರವೆನಿಸಿತು. ಅದನ್ನು ಇಬ್ಬರೂ ಗುಣವೆಂದು ನಂಬಿದರು. ಎರಡನೆಯ ತಿಂಗಳು ಪ್ಯಾಂಟು ನಿಲ್ಲಲು ಹಗ್ಗ ಬೇಕಾಯಿತು. “ಗಡ್ಡೆ ಸೊರಗ್ತಾ ಇದೆ” ಎಂದ ತ್ರುಕ್. ಮೂರನೆಯ ತಿಂಗಳು ಅರ್ಧ ಕಟ್ಟಿದ ದೋಣಿಯೊಳಗೆ ಸುತ್ತಿಗೆ ಹಿಡಿದೇ ವೆನ್ ಕುಸಿದು ಬಿದ್ದ.

ಆಸ್ಪತ್ರೆಯಲ್ಲಿ ಊಟೋಪಚಾರ ನೋಡಿಕೊಳ್ಳುವ ಹುಡುಗಿ ಕ್ವೆನ್ ಅವನನ್ನು ತಕ್ಕಡಿ ಹತ್ತಿಸಿದಳು. ಅರವತ್ತೊಂದು ಕಿಲೋ ಇದ್ದವನು ನಲವತ್ತೇಳು. ತೋಳಿಗೆ ಟೇಪು ಸುತ್ತಿ ಅಳೆದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಆಮೇಲೆ ಮುಷ್ಟಿಯ ಬಲ ತೋರಿಸುವ ಹಿಡಿಯೊಂದನ್ನು ಕೈಗೆ ಕೊಟ್ಟಳು. “ಎಷ್ಟಾಗುತ್ತೋ ಅಷ್ಟು ಅದುಮಿ ಚಿಕ್ಕಪ್ಪ.”

ವೆನ್ ಹಲ್ಲು ಕಚ್ಚಿ ಅದುಮಿದ. ಹಿಡಿಯ ಮೇಲಿನ ಮುಳ್ಳು, ಬಾಗಿಲು ತೆರೆಯಲು ಮನಸ್ಸಿಲ್ಲದವರಂತೆ, ಒಂಚೂರು ಅಲುಗಿ ನಿಂತಿತು.

“ಇದು ಕೆಟ್ಟಿದೆ” ಎಂದ ಅವನು.

ಕ್ವೆನ್ ತಾನು ಅದುಮಿ ತೋರಿಸಿದಳು. ಕಡ್ಡಿಯಂಥ ಹುಡುಗಿ, ಮುಳ್ಳು ಅವನದಕ್ಕಿಂತ ಮುಂದೆ ಹೋಯಿತು. ವೆನ್ ತನ್ನ ಅಂಗೈಯನ್ನೇ ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ.

ಸರ್ಜನ್ ಸುತ್ತಿಬಳಸಿ ಮಾತಾಡುವವರಲ್ಲ. “ಗಡ್ಡೆ ಹೋಗಿಲ್ಲ, ದೊಡ್ಡದಾಗಿದೆ. ಇನ್ನೂ ತೆಗೆಯಬಹುದು. ಆದರೆ ಈ ಮೈಗೆ ಕತ್ತಿ ಹಾಕಿದರೆ ಗಡ್ಡೆಯ ಜೊತೆ ಮನುಷ್ಯನೂ ಹೋಗ್ತಾನೆ. ಮೂರು ವಾರ ಕೊಡ್ತೀನಿ. ಚೆನ್ನಾಗಿ ತಿನ್ನಿಸಿ, ತೂಕ ಏರಬೇಕು, ಕೈಗೆ ಬಲ ಬರಬೇಕು. ಅದಕ್ಕಿಂತ ಹೆಚ್ಚು ಕಾಯೋಕಾಗಲ್ಲ. ಕರುಳು ಮುಚ್ಚಿಕೊಂಡುಬಿಟ್ಟರೆ ಆಮೇಲೆ ನನ್ನ ಕೈಯಲ್ಲೂ ಏನಿಲ್ಲ.”

ಮಾರನೆಯ ಬೆಳಗ್ಗೆ ಥೋವಾ ಸೌಟು ಹಿಡಿದಿದ್ದಳು, ಆದರೆ ಸಾಲಿನವರ ಕೆಣಕುಮಾತು ಅವಳ ಕಿವಿಗೆ ಬೀಳಲಿಲ್ಲ. ಹಂಡೆ ಖಾಲಿಯಾಗುವ ಹೊತ್ತಿಗೆ ಕ್ವೆನ್ ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂತಳು. ಅವಳೂ ಆಗಾಗ ಅಲ್ಲೇ ಗಂಜಿ ಉಣ್ಣುವವಳು.

“ಒಂದು ಕೇಳ್ತೀನಿ, ನಿಜ ಹೇಳು ಮಗಳೇ” ಎಂದಳು ಥೋವಾ. “ತಿನ್ನಿಸಿದರೆ ಗಡ್ಡೆ ತಿನ್ನಲ್ವಾ?”

“ತಿನ್ನುತ್ತೆ ಚಿಕ್ಕಮ್ಮ. ತಿನ್ನಿಸದೇ ಇದ್ದರೂ ತಿನ್ನುತ್ತೆ. ನೀವು ಬಟ್ಟಲಿಗೆ ಹಾಕದಿದ್ದರೆ ಅದು ತೋಳಿನದು, ತೊಡೆಯದು ಕಿತ್ತು ತಿನ್ನುತ್ತೆ. ಚಿಕ್ಕಪ್ಪನ ತೋಳು ಎಲ್ಲಿಗೆ ಹೋಯ್ತು ಅಂದುಕೊಂಡ್ರಿ?”

ಥೋವಾ ಸೌಟಿನ ಹಿಡಿಯನ್ನು ಅಂಗಿಯ ಚುಂಗಿನಿಂದ ಒರೆಸುತ್ತ ಕೂತಳು. ಕ್ವೆನ್ ಒಂದು ಗುಟುಕು ಕುಡಿದು ಮತ್ತೆ ಕೇಳಿದಳು:

“ನಾನು ಬಂದು ಎರಡು ವರ್ಷ. ನೀವು ಹನ್ನೊಂದು ವರ್ಷ ಈ ಸಾಲು ನೋಡಿದ್ದೀರಿ. ಕರುಳಿನ ವಾರ್ಡಿನವರಲ್ಲಿ ಯಾರು ಮನೆಗೆ ನಡೆದು ಹೋಗ್ತಾರೆ, ಯಾರು ಹೋಗಲ್ಲ? ನಿಮಗೇನು ಕಂಡಿದೆ?”

“ನನಗೇನು ಗೊತ್ತು, ನಾನು ಗಂಜಿ ಬೇಯಿಸೋಳು” ಎಂದಳು ಥೋವಾ. ಆದರೆ ನಾಲಿಗೆ ಅಷ್ಟಕ್ಕೆ ನಿಲ್ಲಲಿಲ್ಲ. “ಗಡ್ಡೆ ದೊಡ್ಡದು ಅಂದವರು ಎಷ್ಟೋ ಜನ ನಡೆದು ಹೋಗಿದ್ದಾರೆ. ಚಿಕ್ಕದು ಅಂದವರು ಹೋಗಿಬಿಟ್ಟಿದ್ದಾರೆ. ಮೈಮೇಲೆ ನಾಲ್ಕು ತುತ್ತು ಮಾಂಸ ಇದ್ದು, ಬಟ್ಟಲು ನಡುಗದೆ ಹಿಡಿಯೋರು… ಅವರಲ್ಲಿ ಬಹಳ ಜನ ಹೋಗ್ತಾರೆ. ಕೊರಳಮೂಳೆ ಎದ್ದವರು, ಹೆಬ್ಬೆರಳ ಬುಡ ಗುಳಿ ಬಿದ್ದವರು…”

ಕಣ್ಣ ಮುಂದೆ ಬಂದದ್ದು ಮೊದಲು ಗಂಡನ ಹೆಬ್ಬೆರಳು, ಅದರ ಹಿಂದೆಯೇ ತಂಗಿಯದು. ತಂಗಿಯ ಕೈಯನ್ನು ಅವಳು ಇಪ್ಪತ್ತು ದಿನ ಹಿಡಿದುಕೊಂಡಿದ್ದಳು. ಅಲ್ಲಿದ್ದ ಗುಳಿಯಲ್ಲಿ ಒಂದು ಹುಣಸೆಬೀಜ ಕೂರುತ್ತಿತ್ತು.

“ನನ್ನ ತಂಗಿಯ ಹೊಲಿಗೆ ಬಿಟ್ಟುಕೊಂಡಿತು” ಎಂದಳು ಥೋವಾ. “ಕತ್ತಿಯ ತಪ್ಪು ಅಂದುಕೊಂಡಿದ್ದೆ.”

“ನಾನು ಅವರನ್ನ ನೋಡಿಲ್ಲ, ಹೇಳಕ್ಕಾಗಲ್ಲ” ಎಂದಳು ಕ್ವೆನ್. “ಆದರೆ ಕರುಳು ಕೂಡಿಕೊಳ್ಳೋದು ದಾರದಿಂದ ಅಲ್ಲ ಚಿಕ್ಕಮ್ಮ. ದಾರ ನಾಲ್ಕು ದಿನ ಹಿಡಿದಿಟ್ಟುಕೊಳ್ಳುತ್ತೆ ಅಷ್ಟೇ. ಕೂಡಿಕೊಳ್ಳೋಕೆ ಮೈಯೊಳಗೆ ಸರಕು ಇರಬೇಕು.”

ಥೋವಾ ಆ ದಿನ ಹಂಡೆ ತೊಳೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಮನೆಗೆ ಹೋದಳು. ದಾರಿಯಲ್ಲಿ ದೊಡ್ಡದೊಂದು ಕೊರವ ಮೀನು ಕೊಂಡಳು. ಗಾಯ ಮಾಯಲು ಅದಕ್ಕಿಂತ ಒಳ್ಳೆಯ ಮೀನಿಲ್ಲವೆಂದು ಆ ನಾಡಿಗೆ ನಾಡೇ ನಂಬುತ್ತದೆ.

ಬಟ್ಟಲು ಮುಂದಿಟ್ಟಾಗ ವೆನ್ ಅದನ್ನು ಬೆರಳಿನಿಂದ ಆಚೆ ನೂಕಿದ.

“ಮೂರು ತಿಂಗಳು ಹುಲ್ಲು ತಿನ್ನಿಸಿ, ಈಗ ಹುಲಿ ಆಗು ಅಂತೀಯಾ?”

“ತಪ್ಪಾಯ್ತು ಅಂತಿದೀನಲ್ಲ. ತಿನ್ನಿ.”

“ಆಗಲೂ ತಿನ್ನಬೇಡಿ ಅಂದಿದ್ದು ನೀನೇ. ಆಸ್ಪತ್ರೆಯೋರು ಏನಂದರೆ ಅದು, ಅಣ್ಣ ಏನಂದರೆ ಅದು. ನಿನ್ನ ಮಾತು ಯಾವುದು ಅದರಲ್ಲಿ?”

“ಕಳ್ಳ ಮನೆ ಹೊಕ್ಕಿದಾನೆ ಅಂತ ಮನೆಯೋರನ್ನೆಲ್ಲ ಉಪವಾಸ ಕೆಡವಿದರೆ ಕಳ್ಳ ಓಡಿಹೋಗ್ತಾನೇನ್ರೀ? ಕಳ್ಳನ್ನ ಹಿಡಿಯೋಕೆ ಮನೆಯೋರಿಗೆ ಬಲ ಬೇಡ್ವಾ?”

ಅವನು ಬಟ್ಟಲಿನೊಳಗೆ ನೋಡಿದ. ಮೆಲ್ಲಗೆ ಹೇಳಿದ: “ತುತ್ತು ಎತ್ತಿದರೆ ಸಾಕು, ಅದು ಒಳಗೆ ಬಾಯಿ ತೆಗೆದುಕೊಂಡು ಕೂತಿರೋದು ಕಾಣ್ಸುತ್ತೆ ಕಣೇ. ತುತ್ತು ಇಳಿಯಲ್ಲ.”

ಆ ಭಯವನ್ನು ಅವನೊಳಗೆ ಕೂರಿಸಿದವಳು ಅವಳೇ. ಮೊದಲ ವಾರ ಹಾಗೇ ಹೋಯಿತು. ಅವಳು ಮೊಟ್ಟೆ ಬೇಯಿಸಿದಳು, ಅವನು ನಾಯಿಗೆ ಹಾಕಿದ. ಆಸ್ಪತ್ರೆಯ ಹಾಲಿನ ಪುಡಿ ಕಲಸಿಕೊಟ್ಟಳು, ಅವನು ಎರಡು ಗುಟುಕಿಗೆ ವಾಕರಿಸಿದ. ತಕ್ಕಡಿ ನಲವತ್ತಾರೂವರೆ ತೋರಿಸಿತು. ಕ್ವೆನ್ ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಳು. ಆ ಕೆಂಪು ನೋಡಿ ಥೋವಾಳಿಗೆ ಇನ್ನಷ್ಟು ಭಯವಾಯಿತು.

ಎರಡನೆಯ ವಾರದ ಮೊದಲ ದಿನ ವೆನ್‌ನ ತಾಯಿ ತೀರಿಕೊಂಡ ತಿಥಿ. ಆ ಮನೆಯಲ್ಲಿ ವರ್ಷಕ್ಕೊಮ್ಮೆ ಆ ದಿನ ಸತ್ತವಳಿಗೆ ಇಷ್ಟವಾದ ಅಡುಗೆ ಮಾಡಿ ಪೀಠದ ಮುಂದೆ ಇಟ್ಟು, ಊದುಬತ್ತಿ ಹಚ್ಚಿ, ಅದು ಉರಿದು ಮುಗಿಯುವವರೆಗೂ ಕಾಯುತ್ತಾರೆ. ಆ ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಅದೇ ಎಡೆಯನ್ನು ಚಾಪೆಯ ಮೇಲೆ ಇಳಿಸಿ ನೆಂಟರೆಲ್ಲ ಉಣ್ಣಬೇಕು. ಮೊದಲು ಉಣ್ಣುವ ಕಡ್ಡಿ ಎತ್ತಬೇಕಾದವನು ಪೀಠ ಕಾಯುವ ಮಗ. ಅವನು ಎತ್ತದೆ ಯಾರೂ ಎತ್ತುವಂತಿಲ್ಲ.

ಥೋವಾ ಮುಂಜಾನೆಯಿಂದಲೇ ಅತ್ತೆಯ ಕೈಯಡುಗೆ ಮಾಡಿದಳು. ಹಂದಿಮಾಂಸದ ದಪ್ಪ ತುಂಡು, ಬಾತುಕೋಳಿ ಮೊಟ್ಟೆ, ಎರಡನ್ನೂ ಎಳನೀರಿನಲ್ಲಿ ಸಣ್ಣ ಉರಿಯ ಮೇಲೆ ಮೂರು ಗಂಟೆ ಬೇಯಿಸಿದ್ದು, ಹುಳಿ ಸಾರು, ಬಿಳಿ ಅನ್ನ. ಇಪ್ಪತ್ತು ಜನ ನೆಂಟರು ಬಂದರು. ತ್ರುಕ್ ತನ್ನ ಪಾಲಿಗೆ ಸೊಪ್ಪು, ತೋಫು ತಂದುಕೊಂಡಿದ್ದ. ತಾಯಿಯ ತಂಗಿ ಐದವ್ವ, ಎಂಬತ್ತಾರರ ಮುದುಕಿ, ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಳು. ಅವಳಿಗೆ ಕಿವಿ ಮಂದವೆಂದು ಎಲ್ಲರೂ ಅಂದುಕೊಂಡಿದ್ದರು. ಬೇಡದ ಮಾತು ಕೇಳಿಸಿಕೊಳ್ಳದಿರುವ ಅಭ್ಯಾಸ ಅಷ್ಟೇ.

ವೆನ್ ಊದುಬತ್ತಿ ಹಚ್ಚಿ ಮೂರು ಸಲ ಬಾಗಿದ. ಎದ್ದು ನಿಲ್ಲುವಾಗ ಪೀಠದ ಅಂಚು ಹಿಡಿದುಕೊಂಡ. ಬತ್ತಿ ಇನ್ನೂ ಅರ್ಧ ಉರಿಯುತ್ತಿರುವಾಗಲೇ ಐದವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಏನೋ ಕಿರಿಯ, ಅಂಗಿ ಒಣಗಿಹಾಕಿದ ಬಿದಿರಿನ ಹಾಗಾಗಿದೀಯ. ಉಣ್ಣೋಕೆ ಇಲ್ವಾ ಮನೇಲಿ?”

“ಪಥ್ಯ ಅವ್ವ. ಕೆಂಪಕ್ಕಿ, ಎಳ್ಳುಪ್ಪು” ಎಂದು ತ್ರುಕ್ ನಡುವೆ ಬಾಯಿ ಹಾಕಿದ. “ಇವತ್ತೂ ಅವನು ಅದನ್ನೇ ತಿಂತಾನೆ. ಅಮ್ಮ ತಪ್ಪು ತಿಳಿಯಲ್ಲ.”

“ನೀನು ಸುಮ್ಮನಿರು ಎರಡ. ನೆರೆ ಬಂದ ವರ್ಷ ನೀನು ಪಟ್ಟಣದಲ್ಲಿದ್ದೆ.” ಹಿರಿಯವನನ್ನು ಹೀಗೆ ಗದರಿ ಮುದುಕಿ ವೆನ್ ಕಡೆ ತಿರುಗಿದಳು. “ಆ ವರ್ಷ ಗದ್ದೆ ಎಲ್ಲ ಕೊಳೆತು, ದನಕ್ಕೆ ಹಾಕೋ ಕಾಳು ಬೇಯಿಸಿ ತಿಂದ್ವಿ, ಜ್ಞಾಪಕ ಇದೆಯಾ? ನಿನಗೆ ಹದಿನಾರು. ಜ್ವರ ಬಂದು ಹೀಗೇ ಬಿದಿರಾಗಿದ್ದೆ. ನಿಮ್ಮಮ್ಮ ಕಿವಿಯ ಓಲೆ ಕೊಟ್ಟು ಒಂದು ಬಾತುಕೋಳಿ ತಂದಳು. ನಿನಗೊಬ್ಬನಿಗೇ. ನಾವೆಲ್ಲ ಸುತ್ತ ಕೂತು ನೀನು ತಿನ್ನೋದು ನೋಡಿದ್ವಿ. ಇಲ್ಲದೆ ಉಪವಾಸ ಬೀಳೋರನ್ನ ನಾನು ನೋಡಿದೀನಿ. ಇಟ್ಟುಕೊಂಡು ಉಪವಾಸ ಬೀಳೋನನ್ನ ಇವತ್ತೇ ನೋಡಿದ್ದು.”

ವೆನ್ ತಲೆ ತಗ್ಗಿಸಿದ. ಆಗ ಥೋವಾ ಅಡುಗೆಮನೆಯ ಹೊಸ್ತಿಲಿನಿಂದ ಎದ್ದು ಬಂದು ಪೀಠದ ಮುಂದೆ ಮಂಡಿಯೂರಿದಳು. ಬತ್ತಿ ಉರಿಯುವಾಗ ಅದರ ಮುಂದೆ ಸುಳ್ಳು ಹೇಳಬಾರದೆಂಬುದು ಆ ಮನೆಯಲ್ಲಿ ಕೂಸಿಗೂ ಗೊತ್ತು. ಹೇಳಿದರೆ ಕೇಳಿಸಿಕೊಳ್ಳುವವರು ಹೊಗೆಯಾಚೆ ಇರುತ್ತಾರೆ.

“ಅತ್ತೆ, ಕೇಳಿಸ್ಕೊಳಿ” ಎಂದಳು. “ನಿಮ್ಮ ಮಗನಿಗೆ ಅನ್ನ ತಪ್ಪಿಸಿದೋಳು ನಾನು. ಭಾವ ಅಲ್ಲ. ಭಾವ ಹೇಳಿದ್ದು ನನಗೆ ಬೇಕಾಗಿತ್ತು, ಅದಕ್ಕೆ ನಂಬಿದೆ. ಕತ್ತಿಗೆ ಹೆದರಿದೆ. ಹನ್ನೊಂದು ವರ್ಷದಿಂದ ದಿನಾ ಕಣ್ಣಾರೆ ನೋಡ್ತಿದೀನಿ, ಒಣಗಿದೋರು ಉಳಿಯೋದು ಕಷ್ಟ, ಮೈ ಇದ್ದೋರಿಗೆ ದಾರಿ ಇದೆ ಅಂತ. ಇದು ಆಸ್ಪತ್ರೆಯೋರು ಹೇಳಿಕೊಟ್ಟಿದ್ದಲ್ಲ, ನನ್ನ ಕಣ್ಣು ಕಂಡಿದ್ದು. ಊರೋರಿಗೆಲ್ಲ ಬಡಿಸಿ, ಇವರ ವಿಷಯದಲ್ಲಿ ಕುರುಡಿಯಾದೆ. ನಾಳೆ ಕತ್ತಿ ಹಾಕಿಸಿಕೊಂಡು ಉಳೀತಾರೋ ಇಲ್ಲವೋ ನಾನು ಹೇಳಲಾರೆ. ಹೀಗೇ ಇದ್ದರೆ ಉಳಿಯಲ್ಲ. ಅದನ್ನ ಹೇಳಬಲ್ಲೆ.”

ಬೂದಿ ಬಾಗಿ ಬಾಗಿ ಉದುರಿತು. ಬತ್ತಿ ಆರಿದ ಮೇಲೆ ಎಡೆಯನ್ನು ಚಾಪೆಗೆ ಇಳಿಸಿದರು. ಇಪ್ಪತ್ತು ಜನ ತಮ್ಮ ತಮ್ಮ ಬಟ್ಟಲ ಮುಂದೆ ಕೈ ಕಟ್ಟಿ ಕೂತರು. ವೆನ್ ಮುಂದೆ ಕೆಂಪನ್ನದ ಡಬ್ಬಿಯೂ ಇತ್ತು, ತಾಯಿಯ ಎಡೆಯೂ ಇತ್ತು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿದ.

“ಅಷ್ಟು ಜನರ ಮುಂದೆ ಹೇಳಬೇಕಿತ್ತಾ?” ಎಂದ.

“ನಿಮ್ಮೊಬ್ಬರ ಮುಂದೆ ಹೇಳಿದೆ, ನಂಬಲಿಲ್ಲ.”

ಅವನು ಕಡ್ಡಿ ಎತ್ತಿ ಮೊಟ್ಟೆಯೊಂದನ್ನು ಒಡೆದು ಅರ್ಧ ಬಾಯಿಗಿಟ್ಟ. ಅಗಿದ. ಗಂಟಲಿನ ಗುಬುಟು ಮೇಲೆ ಕೆಳಗೆ ಆಡಿತು. ನೂರು ಸಲವೇನೂ ಆಗಲಿಲ್ಲ. ಉಳಿದರ್ಧವನ್ನೂ ತಿಂದ. “ಉಣ್ಣಿ, ಆರಿಹೋಗುತ್ತೆ” ಎಂದು ಐದವ್ವ ಎಲ್ಲರಿಗೂ ಗದರಿದಾಗ ಮನೆಯಲ್ಲಿ ಮಾತು ಶುರುವಾಯಿತು.

ತ್ರುಕ್ ಮಾತ್ರ ಕೈ ತೊಳೆದು ಯಾರಿಗೂ ಹೇಳದೆ ಹೊರಟುಹೋದ. ನಾಲ್ಕು ದಿನದ ಮೇಲೆ ಒಂದು ಬುಟ್ಟಿ ಬಾತುಕೋಳಿ ಮೊಟ್ಟೆ ತಂದು ಜಗಲಿಯ ಮೇಲಿಟ್ಟ. “ನಾನು ಮುಟ್ಟಿಲ್ಲ, ಪಕ್ಕದ ಮನೆಯೋಳು ತುಂಬಿಸಿಕೊಟ್ಟಳು” ಎಂದ. “ನಾನು ಹೇಳಿದ್ದೂ ಒಳ್ಳೇದಕ್ಕೇ.” “ಗೊತ್ತು ಭಾವ” ಎಂದು ಥೋವಾ ಚಹಾ ಕೊಟ್ಟಳು. ಅದಕ್ಕಿಂತ ಹೆಚ್ಚಿನ ರಾಜಿ ಅವರಿಬ್ಬರ ನಡುವೆ ಬೇಕಾಗಲಿಲ್ಲ.

ತಿನ್ನಲು ಮನಸ್ಸು ಮಾಡಿದ ಮಾತ್ರಕ್ಕೆ ಹೊಟ್ಟೆ ಒಪ್ಪುವುದಿಲ್ಲ. ಬರಗಾಲದ ಕೆರೆಯಂತೆ ಅದು ಕುಗ್ಗಿತ್ತು. ಕ್ವೆನ್ ಹೇಳಿದಂತೆ ದಿನಕ್ಕೆ ಆರು ಸಲ, ಸಲಕ್ಕೆ ಬೊಗಸೆಯಷ್ಟು. ಮೀನಿನ ಗಂಜಿ, ಮೊಟ್ಟೆ, ಮೆತ್ತಗೆ ಬೇಯಿಸಿದ ಮಾಂಸ, ನಡುವೆ ಹಾಲು. ವಾಂತಿಯಾದರೆ ಬಾಯಿ ತೊಳೆದು ಅರ್ಧ ಗಂಟೆಯ ಮೇಲೆ ಮತ್ತೆ. ಅವನಿಗೆ ಹಸಿವೆಂಬುದೇ ಇರಲಿಲ್ಲ. ದೋಣಿಗೆ ರಾಳ ತುಂಬುವಂತೆ ಕೆಲಸವೆಂದು ತುಂಬಿಕೊಂಡ. ಬೆಳಗ್ಗೆ ಸಂಜೆ ಕಾಲುವೆಯ ದಂಡೆಯ ಮೇಲೆ ನಡೆದ. ರಾಳದ ಉಂಡೆಯೊಂದನ್ನು ಅಂಗೈಯಲ್ಲಿಟ್ಟು ಅದುಮುತ್ತ ಕೂತ. ಹಿಂದೆ ಎಣಿಸಿದ್ದು ಅಗಿತವನ್ನು. ಈಗ ಥೋವಾ ನುಂಗಿದ ತುತ್ತುಗಳನ್ನು ಎಣಿಸಿದಳು. ಒಂದು ದಿನ ಅವನೇ ಹೇಳಿದ: “ಟೊಳ್ಳು ಹಲಗೆಗೆ ಮೊಳೆ ಹೊಡೆದರೆ ಮೊಳೆ ಹಿಡಿಯಲ್ಲ, ಹಲಗೆ ಸೀಳುತ್ತೆ. ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ. ನನ್ನ ಮೈ ಮಾತ್ರ ಬೇರೆ ಮರ ಅಂದುಕೊಂಡಿದ್ದೆ ನೋಡು.”

ಮೂರನೆಯ ವಾರದ ಕೊನೆಗೆ ತಕ್ಕಡಿ ನಲವತ್ತೊಂಬತ್ತರ ಹತ್ತಿರ ನಿಂತಿತು. ಮುಷ್ಟಿಯ ಮುಳ್ಳು ಈ ಸಲ ಕ್ವೆನ್‌ಳ ಗೆರೆ ದಾಟಿತು, ಬಹಳವೇನಲ್ಲ. ರಕ್ತಪರೀಕ್ಷೆಯ ಕಾಗದವನ್ನು ಸರ್ಜನ್ ಎರಡು ಸಲ ಓದಿದರು. “ಇನ್ನೊಂದೆರಡು ಕಿಲೋ ಇದ್ದಿದ್ದರೆ ಚೆನ್ನಾಗಿತ್ತು. ಕಾಯೋಕೆ ಹೊತ್ತಿಲ್ಲ. ಆ ದಿನ ಬಂದಿದ್ದ ಮನುಷ್ಯ ಇವರಲ್ಲ, ಇಷ್ಟು ಸಾಕು, ಮಾಡೋಣ.”

ಆಪರೇಷನ್ ನಾಲ್ಕು ಗಂಟೆ ಹಿಡಿಯಿತು. ಗೇಣುದ್ದದ ಕರುಳು ತೆಗೆದು ಎರಡು ತುದಿ ಸೇರಿಸಿ ಹೊಲಿದರು. ಆಮೇಲಿನದು ಕಾಯುವ ಕೆಲಸ. ಕರುಳಿನ ವಾರ್ಡಿನಲ್ಲಿ ಎಲ್ಲರೂ ಕಾಯುವುದು ಒಂದೇ ಒಂದಕ್ಕೆ. ರೋಗಿ ಹೂಸು ಬಿಡಬೇಕು. ಬಿಟ್ಟರೆ ಕರುಳು ಎದ್ದು ಕೂತಿತೆಂದು ಅರ್ಥ, ಬಾಯಿಗೆ ಏನಾದರೂ ಹಾಕಬಹುದು. ಬೇರೆಲ್ಲಾದರೂ ಮೂಗು ಮುಚ್ಚಿಕೊಳ್ಳುವ ಜನ ಅಲ್ಲಿ ಕಿವಿ ನೆಟ್ಟು ಕೂರುತ್ತಾರೆ.

“ಬಂತಾ ಕಿರಿಯಣ್ಣ?” ಎಂದು ಪಕ್ಕದ ಮಂಚದವನು ಗಂಟೆಗೊಮ್ಮೆ ವಿಚಾರಿಸುತ್ತಿದ್ದ. ಅವನಿಗೆ ಹಿಂದಿನ ದಿನ ಬಂದು ಅವನು ದೊಡ್ಡಮನುಷ್ಯನಾಗಿದ್ದ.

“ಇಲ್ಲ.”

“ನಾಚಿಕೆ ಪಡಬೇಡ. ಇಲ್ಲಿ ಎಲ್ಲಾ ನಮ್ಮೋರೇ.”

ಎರಡು ದಿನ ಕಳೆಯಿತು, ಮೂರು ಕಳೆಯಿತು. ಮೂರನೆಯ ಸಂಜೆ ಹೊಟ್ಟೆ ಒಂದಿಷ್ಟು ಉಬ್ಬಿ ಜ್ವರದ ಕಾವು ಕಂಡಾಗ ಥೋವಾ ನರ್ಸನ್ನು ಕರೆಯಲು ಓಡಿದಳು. ನರ್ಸು ಬಂದು ಹೋದಳು, ಡಾಕ್ಟರು ಬಂದು ಹೊಟ್ಟೆ ಅದುಮಿ ನೋಡಿ ಹೋದರು. “ಕಾಯೋಣ” ಎಂದರು. ಅವಳು ಗಂಡನ ಹೆಬ್ಬೆರಳ ಬುಡವನ್ನು ಸವರುತ್ತ ಕೂತಳು. ಗುಳಿ ಇನ್ನೂ ಇತ್ತು, ಆದರೆ ಅದರ ಅಡಿಯಲ್ಲಿ ಬೆರಳಿಗೆ ಏನೋ ಸಿಗುತ್ತಿತ್ತು. ಮೂರು ವಾರದಲ್ಲಿ ಕಟ್ಟಿದ ಅಷ್ಟೇ ಮಾಂಸದ ಮೇಲೆ ಎಲ್ಲ ನಿಂತಿತ್ತು.

ನಾಲ್ಕನೆಯ ದಿನ ಬೆಳಗ್ಗೆ, ನರ್ಸು ಹಾಸಿಗೆಯ ಬಟ್ಟೆ ಬದಲಿಸಲು ಅವನನ್ನು ಮಗ್ಗುಲಿಗೆ ತಿರುಗಿಸಿದಾಗ, ಹಳೆಯ ದೋಣಿಯ ಹಲಗೆ ಬಿಟ್ಟಂತೆ ಉದ್ದನೆಯ ಸದ್ದೊಂದು ಬಂತು. ಪಕ್ಕದ ಮಂಚದವನು ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದುಕೊಂಡು ನಗತೊಡಗಿದ. “ಅಯ್ಯೋ, ನಗಿಸಬೇಡ ಮಾರಾಯ, ನನ್ನದು ಬಿಟ್ಟುಕೊಂಡೀತು.” ಆರು ಮಂಚದವರೂ ನಕ್ಕರು. ಥೋವಾ ನಗುತ್ತಾ ನಗುತ್ತಾ ಹೊರಗಿನ ಮೆಟ್ಟಿಲಿಗೆ ಹೋಗಿ ಅತ್ತು ಮುಗಿಸಿ ಒಳಗೆ ಬಂದಳು.

ಆರನೆಯ ದಿನ ಸರ್ಜನ್ ಹೊಟ್ಟೆ ನೋಡಿ, ಜ್ವರದ ಕಾಗದ ನೋಡಿ, ಹೊಲಿಗೆ ಹಿಡಿದಿದೆ ಎಂದರು. ಮುಂದೆ ಔಷಧಿಯ ಆರು ತಿಂಗಳಿದೆ, ಅದಕ್ಕೂ ಮೈ ಬೇಕು, ತಿನ್ನುವುದು ನಿಲ್ಲಿಸಬೇಡಿ, ವರ್ಷಗಳ ಮಾತನ್ನು ಯಾರೂ ಈಗಲೇ ಹೇಳಲಾರರು ಎಂದೂ ಹೇಳಿದರು. ವೆನ್ ಎಲ್ಲಕ್ಕೂ ತಲೆಯಾಡಿಸಿದ. ಅವರು ಹೋದ ಮೇಲೆ ಹೆಂಡತಿಯ ಕಡೆ ತಿರುಗಿದ.

“ಏನೋ ಆಗ್ತಿದೆ ಕಣೇ ಹೊಟ್ಟೇಲಿ.”

ಅವಳು ಗಾಬರಿಯಿಂದ ಎದ್ದಳು. “ನೋವಾ? ನರ್ಸನ್ನ ಕರೀಲಾ?”

“ನೋವಲ್ಲ.” ಅವನು ಹುಬ್ಬು ಗಂಟಿಕ್ಕಿ ಒಳಗಿನದನ್ನು ಗುರುತಿಸಲು ಯತ್ನಿಸುವವನಂತೆ ಯೋಚಿಸಿದ. “ಹಸಿವು ಅಂತ ಕಾಣುತ್ತೆ.”

ಥೋವಾ ಚಪ್ಪರದಿಂದ ತಂದು ಮುಚ್ಚಿಟ್ಟಿದ್ದ ಗಂಜಿಯ ಬಟ್ಟಲು ತೆಗೆದಳು. ನಾಲ್ಕು ಚಮಚ ಆದ ಮೇಲೆ ಅವನು ಮುಖ ಹಿಂಡಿದ.

“ಉಪ್ಪೇ ಇಲ್ವಲ್ಲೇ ಇದರಲ್ಲಿ.”

“ಡಾಕ್ಟರು ಕಡಿಮೆ ಹಾಕಿ ಅಂದಿದಾರೆ.”

“ಇಂಥದ್ದನ್ನ ಹನ್ನೊಂದು ವರ್ಷದಿಂದ ಜನ ಸಾಲು ನಿಂತು ತಿಂತಿದಾರಾ?”

“ಬಾಯಿ ತೆಗೀರಿ” ಎಂದು ಅವಳು ಐದನೆಯ ಚಮಚ ಎತ್ತಿದಳು.